ಎಂಜಿನ್ನಿನ ಫ್ಲೈವೀಲ್ ಪದೇ ಪದೇ ಸಡಿಲವಾಗುತ್ತಿದೆಯೇ?



ಬಾವಿಯ ಪಂಪಿಗೆ ಈಗ ಹೆಚ್ಚಿನ ಕಡೆ ವಿದ್ಯುತ್ ಮೋಟಾರು ಬಂದಿದ್ದರೂ ನಿಧಾನಗತಿಯ ಡೀಸೆಲ್ ಎಂಜಿನ್ನು ಪೂರ್ತಿ ಮೂಲೆ ಸೇರಿಲ್ಲ. ಇಂಗ್ಲೆಂಡಿನ ಲಿಸ್ಟರ್ ಕಂಪನಿಯ ಮಾದರಿಯಲ್ಲಿ ರಾಜಕೋಟೆಯ ಕಾರ್ಖಾನೆಗಳು ತಯಾರಿಸಿದ, ಎರಡು ಪಕ್ಕದಲ್ಲೂ ದೊಡ್ಡ ಚಕ್ರವಿರುವ ಎಂಜಿನ್ನನ್ನು ಹಿರಿಯ ರೈತರೆಲ್ಲ ಬಲ್ಲರು. ಈ ಚಕ್ರವೇ ಫ್ಲೈವೀಲ್. ಅದು ಕ್ರ್ಯಾಂಕ್ ಶಾಫ್ಟಿನ ಮೇಲೆ ಸಡಿಲವಾಗುವುದು ಹಳೆಯ ಕಾಯಿಲೆ.

ಒಂದೇ ಸಿಲಿಂಡರಿನ ಈ ಎಂಜಿನ್ನಿನಲ್ಲಿ ಎರಡು ಸುತ್ತಿಗೆ ಒಮ್ಮೆ ಮಾತ್ರ ಡೀಸೆಲ್ ಉರಿದು ಬಲ ಬರುತ್ತದೆ. ನಿಮಿಷಕ್ಕೆ 650 ಸುತ್ತು ತಿರುಗುವ 6 ಅಶ್ವಶಕ್ತಿಯ ಎಂಜಿನ್ನಾದರೆ ನಿಮಿಷಕ್ಕೆ 325 ಏಟು. ಏಟು ಬಿದ್ದಾಗ ಶಾಫ್ಟು ಚಕ್ರವನ್ನು ನೂಕುತ್ತದೆ. ಮರುಕ್ಷಣ ಚಕ್ರವೇ ಶಾಫ್ಟನ್ನು ಎಳೆದೊಯ್ಯುತ್ತದೆ. ಈ ಜಗ್ಗಾಟವನ್ನು ತಡೆಯುವುದು ಕೀ ಎಂಬ ಉಕ್ಕಿನ ಬೆಣೆ. ಅದರ ಮೇಲ್ಮೈ 100 ಮಿ.ಮೀ. ಉದ್ದಕ್ಕೆ 1 ಮಿ.ಮೀ.ನಷ್ಟು ಇಳಿಜಾರಾಗಿರುತ್ತದೆ. ಬೆಣೆ ಉದ್ದಕ್ಕೂ ಕಚ್ಚದೆ ತುದಿಯಲ್ಲಿ ಮಾತ್ರ ಕಚ್ಚಿದರೆ ಕೂದಲೆಳೆಯಷ್ಟು ಅಲುಗಾಟ ಶುರುವಾಗಿ, ಕೀ ಕೂರುವ ಗಾಡಿಯೇ ಸವೆಯುತ್ತದೆ.

ಹೊರೆಯಿಲ್ಲದೆ ನಿಧಾನವಾಗಿ ಓಡುವಾಗ ಮಂದವಾದ ಬಡಿತ, ಕೀಯ ಸುತ್ತ ಇಟ್ಟಿಗೆ ಬಣ್ಣದ ಪುಡಿ, ಇವೇ ಗುರುತು. ಈ ಬಡಿತವನ್ನು ಬೇರಿಂಗಿನದೆಂದು ತಿಳಿದು ಹೊಸ ಬೇರಿಂಗಿಗೆ ಹಣ ಸುರಿದವರುಂಟು. ಶಾಫ್ಟಿನ ತುದಿ ಮತ್ತು ಚಕ್ರದ ಗುಂಬದ ಮೇಲೆ ಅಡ್ಡಲಾಗಿ ಒಂದು ಸೀಮೆಸುಣ್ಣದ ಗೆರೆ ಎಳೆದು ಎಂಜಿನ್ನು ಓಡಿಸಿ, ನಿಲ್ಲಿಸಿ ನೋಡಬೇಕು. ಗೆರೆ ಮುರಿದಿದ್ದರೆ ಚಕ್ರ ಜಾರಿದೆ.

ಸುತ್ತಿಗೆಯಿಂದ ಕೀಯನ್ನು ಇನ್ನೆರಡು ಏಟು ಬಡಿಯುವುದು, ಡಬ್ಬದ ತಗಡು ತುರುಕುವುದು ಪರಿಹಾರವಲ್ಲ. ತಗಡು ಬೇಗ ನುಗ್ಗಾಗುತ್ತದೆ. ಚಕ್ರವನ್ನು ಶಾಫ್ಟಿಗೆ ಬೆಸುಗೆ ಹಾಕಿಸುವುದಂತೂ ಬೇಡವೇ ಬೇಡ. ಬೆಸುಗೆಯ ಪಕ್ಕದಲ್ಲೇ ಶಾಫ್ಟು ಬಿರಿಯಬಹುದು.

ಕೀಯ ತಲೆ ಮತ್ತು ಗುಂಬದ ನಡುವೆ ಉಕ್ಕಿನ ಬೆಣೆ ಹೊಡೆದು ಕೀಯನ್ನು ಹೊರತೆಗೆಯಬೇಕು. ಚಕ್ರದ ಅಂಚಿಗೆ ಹೊಡೆಯಬಾರದು, ಎರಕದ ಕಬ್ಬಿಣ ಸೀಳುತ್ತದೆ. ಗುಂಬವನ್ನು ಒರೆಸಿ ಬಿರುಕಿದೆಯೇ ನೋಡಬೇಕು. ಬಿರುಕಿದ್ದರೆ ಆ ಚಕ್ರ ಗುಜರಿಗೆ. ತಿರುಗುವಾಗ ಒಡೆದರೆ ಪಕ್ಕದಲ್ಲಿದ್ದವರ ಪ್ರಾಣಕ್ಕೇ ಅಪಾಯ. ರಂಧ್ರವೇ ಶಾಫ್ಟಿಗಿಂತ ಸವೆದು ದೊಡ್ಡದಾಗಿದ್ದರೆ ಯಾವ ಕೀಯೂ ನಿಲ್ಲದು, ಲೇತ್ ಇರುವ ವರ್ಕ್‌ಶಾಪಿಗೆ ಒಯ್ಯಬೇಕು. ಗಾಡಿ ಮಾತ್ರ ಅಗಲವಾಗಿದ್ದರೆ ಅದನ್ನು ನೇರಗೊಳಿಸಿ ಅಳತೆಗೆ ತಕ್ಕ ಅಗಲದ ಕೀ ಮಾಡಿಸಬಹುದು. ಬೇರೆ ಜಾಗದಲ್ಲಿ ಹೊಸ ಗಾಡಿ ಕೊರೆಸಿದರೆ ಚಕ್ರದ ಮೇಲಿನ ಟೈಮಿಂಗ್ ಗುರುತು ಪಲ್ಲಟವಾಗುತ್ತದೆಂಬುದು ನೆನಪಿರಲಿ.

ಹೊಸ ಕೀ ಪಕ್ಕಗಳಲ್ಲಿ ಆಟವಿಲ್ಲದೆ ಜಾರಬೇಕು. ಮೇಲ್ಮೈಗೆ ತೆಳುವಾಗಿ ನೀಲಿ ಬಣ್ಣ ಸವರಿ, ಒಳಗೆ ತಟ್ಟಿ ತೆಗೆದರೆ ಒತ್ತಿದ ಕಡೆ ಗುರುತು ಕಾಣುತ್ತದೆ. ಅಲ್ಲಿ ಮಾತ್ರ ಅರದಿಂದ ಉಜ್ಜಬೇಕು. ಗುರುತು ಉದ್ದಕ್ಕೂ ಮೂಡುವವರೆಗೆ ಹೀಗೆ ಮಾಡಬೇಕು. ಬೇಸರದ ಕೆಲಸ ನಿಜ, ಆದರೆ ರಿಪೇರಿಯ ಜೀವಾಳ ಇದೇ. ಬಳಿಕ ಎದುರು ತುದಿಯಲ್ಲಿ ಶಾಫ್ಟಿಗೆ ಭಾರವಾದ ದಿಮ್ಮಿ ಒತ್ತುಕೊಟ್ಟು, ದೊಡ್ಡ ಸುತ್ತಿಗೆಯಿಂದ ಕೀಯನ್ನು ಬಿಗಿಯಬೇಕು. ಮುಂದೆ ತೆಗೆಯಲು ತಲೆಯ ಹಿಂದೆ ಸಂದು ಉಳಿದಿರಬೇಕು. ತಲೆ ಗುಂಬಕ್ಕೆ ತಾಗಿದರೆ ಕೀ ಚಿಕ್ಕದಾಯಿತೆಂದೇ ಅರ್ಥ.

ಒಂದು ಗಂಟೆ ಹೊರೆಯೊಡನೆ ಓಡಿಸಿ, ಎಂಜಿನ್ನು ನಿಲ್ಲಿಸಿ, ಸೀಮೆಸುಣ್ಣದ ಗೆರೆಯನ್ನು ಮತ್ತೆ ನೋಡಬೇಕು. ಹೊರಚಾಚಿದ ಕೀಯ ತಲೆ ಪಂಚೆ, ಸೀರೆಯ ಸೆರಗನ್ನು ಸೆಳೆದುಕೊಳ್ಳುತ್ತದೆ. ಅದರ ಮೇಲೆ ತಗಡಿನ ಮುಚ್ಚಳ ಹಾಕಿಸದೆ ಎಂಜಿನ್ನನ್ನು ಕೆಲಸಕ್ಕೆ ಹಚ್ಚಬಾರದು.