ವಿದ್ಯುತ್ ಯಾವುದಕ್ಕೆ ಬೇಕು?



ಇಂಧನ ನೀತಿ ಎಂದರೆ ವಿಧಾನಸೌಧದ ಮಾತು ಅನ್ನಿಸುತ್ತದೆ. ನಾನು ಒಲೆಯಿಂದ ಶುರುಮಾಡುತ್ತೇನೆ. ನಮ್ಮ ಶನಿವಾರಸಂತೆಯ ಹಿರಿಯರಲ್ಲಿ ಕೆಲವರಿಗೆ ಅಸ್ತ್ರ ಒಲೆ ನೆನಪಿರಬೇಕು. ಸೌದೆ ಕಡಿಮೆ ಬೇಡುವ, ಹೊಗೆಯನ್ನು ಕೊಳವೆಯಲ್ಲಿ ಹೊರಗೆ ಕಳಿಸುವ ಮಣ್ಣಿನ ಒಲೆ. 1974ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಹಳ್ಳಿಗಳಿಗಾಗಿ ಒಂದು ಕೇಂದ್ರ ಹುಟ್ಟಿತು. ಅದರ ಇಂಗ್ಲಿಷ್ ಹೆಸರಿನ ಮೊದಲಕ್ಷರಗಳೇ 'ಅಸ್ತ್ರ'. ಕಟ್ಟಿದವರು ಪ್ರೊ. ಅಮೂಲ್ಯ ರೆಡ್ಡಿ. ಅವರು ವಿದ್ಯುತ್ ರಸಾಯನಶಾಸ್ತ್ರಜ್ಞರು. ಪ್ರಪಂಚದಾದ್ಯಂತ ಓದುವ ಪಠ್ಯಪುಸ್ತಕ ಬರೆದವರು. ಅಂಥವರು ಪ್ರಯೋಗಾಲಯ ಬಿಟ್ಟು ಕುಣಿಗಲ್ ತಾಲ್ಲೂಕಿನ ಹಳ್ಳಿಗಳಿಗೆ ಹೋದರು. ಯಾವ ಮನೆಗೆ ಎಷ್ಟು ಸೌದೆ, ಅದನ್ನು ತರುವವರು ಯಾರು, ಎಷ್ಟು ಹೊತ್ತು ಹಿಡಿಯುತ್ತದೆ ಎಂದು ಅವರ ತಂಡ ಲೆಕ್ಕ ಹಾಕಿತು. ಆಗ ಹಳ್ಳಿಯ ಶಕ್ತಿಯ ಬಹುಪಾಲು ಸೌದೆಯದೇ ಆಗಿತ್ತು. ಅದರ ಹೊರೆ ಹೆಂಗಸರು, ಮಕ್ಕಳ ತಲೆಯ ಮೇಲೆ.

ಅಲ್ಲಿಯ ಪುರ ಎಂಬ ಊರಲ್ಲಿ ಊರಿಗೆಲ್ಲ ಅಡುಗೆ ಅನಿಲ ಕೊಡಲೆಂದು ಗೋಬರ್ ಗ್ಯಾಸ್ ಸ್ಥಾವರ ಕಟ್ಟಿದರು. ಸಗಣಿ ಸಾಲಲಿಲ್ಲ, ಯೋಜನೆ ಸೋತಿತು. ವಿಜ್ಞಾನಿಗಳು ಊರವರ ಮುಂದೆ ಕುಳಿತು, ನಿಮಗೆ ಬೇಕಾದ್ದೇನು ಎಂದು ಕೇಳಿದರು. ಊರು ಕೇಳಿದ್ದು ಕುಡಿಯುವ ನೀರು. 1987ರಲ್ಲಿ ಅದೇ ಅನಿಲದಿಂದ ಎಂಜಿನ್ ಓಡಿಸಿ, ವಿದ್ಯುತ್ ತಯಾರಿಸಿ, ನೀರೆತ್ತಿ ನಲ್ಲಿಗೆ ಬಿಟ್ಟರು, ಮನೆಗಳಿಗೆ ದೀಪ ಕೊಟ್ಟರು. ತಂದ ಸಗಣಿಗೆ ಕಾಸು ಸಿಗುತ್ತಿತ್ತು, ಬಗ್ಗಡ ಗೊಬ್ಬರವಾಗಿ ಮರಳುತ್ತಿತ್ತು. ಸೋಲನ್ನು ಒಪ್ಪಿಕೊಂಡು ಪ್ರಶ್ನೆಯನ್ನೇ ಬದಲಿಸಿದರಲ್ಲ, ರೆಡ್ಡಿಯವರಲ್ಲಿ ನಾನು ತುಂಬ ಗೌರವಿಸುವ ಗುಣ ಅದು.

ಆ ಕಾಲಕ್ಕೇ ರಾಜ್ಯದ ತಜ್ಞರು 2000ನೇ ಇಸವಿಗೆ ಎಷ್ಟು ಮೆಗಾವಾಟ್ ಬೇಕೆಂದು ದೊಡ್ಡ ಯೋಜನೆ ಸಿದ್ಧಪಡಿಸಿದ್ದರು. ರೆಡ್ಡಿಯವರ ತಂಡ ಲೆಕ್ಕವನ್ನು ಇನ್ನೊಂದು ತುದಿಯಿಂದ ಹಾಕಿತು: ದೀಪಕ್ಕೆಷ್ಟು, ಪಂಪಿಗೆಷ್ಟು, ನೀರು ಕಾಯಿಸಲು ಸೌರಶಕ್ತಿ ಸಾಲದೇ, ಒಳ್ಳೆಯ ಪಂಪ್ ಹಾಕಿದರೆ ಎಷ್ಟು ಉಳಿಯುತ್ತದೆ? ಬಂದ ಮೊತ್ತ ಸರ್ಕಾರಿ ಅಂದಾಜಿನ ಅರ್ಧಕ್ಕಿಂತ ಕಡಿಮೆ!

ಈಗ ಕರ್ನಾಟಕ ಸೌರಶಕ್ತಿಯಲ್ಲಿ ಮುಂದಿದೆ. ಪಾವಗಡದಲ್ಲಿ ಸುಮಾರು 13,000 ಎಕರೆಯಲ್ಲಿ 2,050 ಮೆಗಾವಾಟ್ ಸೌರ ಪಾರ್ಕ್ ನಿಂತಿದೆ. ಅಲ್ಲಿ ರೈತರ ಜಮೀನನ್ನು ಕೊಂಡುಕೊಳ್ಳದೆ ಗುತ್ತಿಗೆಗೆ ಪಡೆದದ್ದು ಒಳ್ಳೆಯ ನಿರ್ಧಾರ. ಆದರೂ ವಿದ್ಯುತ್ ಯಾವುದಕ್ಕೆ ಬೇಕು ಎಂಬ ರೆಡ್ಡಿಯವರ ಪ್ರಶ್ನೆ ಹಾಗೇ ಉಳಿದಿದೆ, ನಮ್ಮ ಊರಿಗೂ.

ನಮಗೆ ವಿದ್ಯುತ್ ಬೇಕಾಗುವುದು ಯಾವಾಗ? ಫೆಬ್ರವರಿ–ಮಾರ್ಚ್‌ನಲ್ಲಿ ಹೂಮಳೆ ಕೈಕೊಟ್ಟರೆ ಕಾಫಿ ತೋಟಕ್ಕೆ ಸ್ಪ್ರಿಂಕ್ಲರ್ ಹಿಡಿಯಲೇಬೇಕು. ಆ ಕೆಲವು ದಿನ ತಪ್ಪಿದರೆ ವರ್ಷದ ಫಸಲೇ ಹೋಯಿತು. ಬಿಸಿಲೂ ಹೇರಳವಾಗಿರುವ ತಿಂಗಳುಗಳು ಅವೇ. ಹಾಗಾದರೆ ಹಗಲು ಹೊತ್ತಿನ ಸೌರ ವಿದ್ಯುತ್ತನ್ನು ಆಗ ನಮ್ಮ ಪಂಪ್‌ಗಳಿಗೆ ಖಾತ್ರಿಯಾಗಿ ಕೊಡಬಾರದೇಕೆ? ಜುಲೈ ಬಂತೆಂದರೆ ಕಥೆಯೇ ಬೇರೆ. ಬಿಸಿಲಿಲ್ಲ, ಗಾಳಿಗೆ ಸಿಲ್ವರ್ ಓಕ್ ಮುರಿದು ತಂತಿಯ ಮೇಲೆ ಬೀಳುತ್ತದೆ, ಲೈನ್‌ಮನ್ ಜಡಿಮಳೆಯಲ್ಲೇ ಕಂಬ ಹತ್ತಬೇಕು. ಆಗ ನಮಗೆ ಮೆಗಾವಾಟ್ ಕೊರತೆಯಿಲ್ಲ. ಕೊರತೆ ಇರುವುದು ಗಟ್ಟಿ ತಂತಿಗೆ, ಇನ್ನಷ್ಟು ಲೈನ್‌ಮನ್‌ಗಳಿಗೆ, ಮನೆಗೊಂದು ಬ್ಯಾಟರಿಗೆ. ಬಯಲುಸೀಮೆಗೆ ಬರೆದ ನೀತಿ ಮಲೆನಾಡಿಗೆ ಹೊಂದುವುದಿಲ್ಲ ಎಂದು ತಜ್ಞರಿಗೆ ಹೇಳಬೇಕಾದವರು ನಾವೇ.

ಹೇಳಲು ಜಾಗವೂ ಇದೆ. ವಿದ್ಯುತ್ ದರ ನಿಗದಿ ಮಾಡುವುದು 1999ರಲ್ಲಿ ಹುಟ್ಟಿದ ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗ. 2003ರ ವಿದ್ಯುಚ್ಛಕ್ತಿ ಕಾಯ್ದೆಯ ಪ್ರಕಾರ ದರದ ಅರ್ಜಿಯನ್ನು ಪ್ರಕಟಿಸಲೇಬೇಕು, ಸಾರ್ವಜನಿಕರ ಆಕ್ಷೇಪಣೆಗಳನ್ನು ಪರಿಗಣಿಸಲೇಬೇಕು. ನಮ್ಮ ಜಿಲ್ಲೆಗೆ ವಿದ್ಯುತ್ ಕೊಡುವ ಸೆಸ್ಕ್‌ನ ಅರ್ಜಿಗೂ ಇದೇ ನಿಯಮ. ಮುಂದಿನ ಪ್ರಕಟಣೆ ಬಂದಾಗ ಈ ಊರಿನಿಂದ ಪತ್ರಗಳು ಹೋಗಲಿ. ನಿಮ್ಮ ತೋಟಕ್ಕೆ ನೀರು ಬೇಕಾದ ದಿನಗಳನ್ನೂ ಮಳೆಗಾಲದಲ್ಲಿ ಕರೆಂಟ್ ಹೋದ ಗಂಟೆಗಳನ್ನೂ ಇವತ್ತಿನಿಂದಲೇ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ.