ಸೀತೊಸ್ ಮತ್ತು ಅದರ ಪಕ್ಕದ ಪದಗಳು

ಮುಂಬಯಿಯ ಲೋಕಲ್ ರೈಲು ಮುಟ್ಟುವ ಎರಡು ಊರುಗಳು ಕ್ರಿ.ಶ. 1ನೇ ಶತಮಾನದ ಗ್ರೀಕ್ ಗ್ರಂಥ ‘ಪೆರಿಪ್ಲಸ್’ನಲ್ಲಿ ಸಿಗುತ್ತವೆ. ಈಜಿಪ್ಟಿನಿಂದ ಹೊರಡುವ ಹಡಗಿನ ವರ್ತಕರಿಗಾಗಿ ಬರೆದ ಕೈಪಿಡಿ ಅದು. ಬರೆದವನ ಹೆಸರು ಉಳಿದಿಲ್ಲ. ನಾಲಾಸೋಪಾರಾ ಅವನ ಬಾಯಲ್ಲಿ ಸೂಪ್ಪಾರ, ಕಲ್ಯಾಣ ಕಲ್ಲಿಯೇನ. ಇತ್ತ ಅಕಸ್ಮಾತ್ ಬಂದ ಗ್ರೀಕ್ ಹಡಗುಗಳನ್ನು ಕಾವಲಿನಲ್ಲಿ ಬರುಗಾಜಕ್ಕೆ, ಅಂದರೆ ಇಂದಿನ ಭರೂಚ್‌ಗೆ, ಸಾಗಿಸುತ್ತಿದ್ದರಂತೆ. ಆ ಭರೂಚ್ ಸೀಮೆಯ ಬೆಳೆ-ಸರಕುಗಳನ್ನೂ ಅವನು ಹೆಸರಿಸುತ್ತಾನೆ: ಸೀತೊಸ್, ಒರುಜ, ಎಳ್ಳೆಣ್ಣೆ, ತುಪ್ಪ, ಹತ್ತಿ.

ಒರುಜ ಎಂದರೆ ಅಕ್ಕಿ. ಸೀತೊಸ್ ಅಷ್ಟು ಸುಲಭಕ್ಕೆ ಸಿಕ್ಕುವುದಿಲ್ಲ.

ನಿಘಂಟಿನಲ್ಲಿ ಅದಕ್ಕೆ ಧಾನ್ಯ, ಗೋಧಿ, ರೊಟ್ಟಿ, ಆಹಾರ ಎಂಬ ಅರ್ಥಗಳೆಲ್ಲ ಇವೆ. ಯಾವುದನ್ನು ಆರಿಸಬೇಕೆಂದು ಹೇಳುವುದು ಪಕ್ಕದ ಪದ. ಅಕ್ಕಿಯ ಜೊತೆ ಬಂದದ್ದರಿಂದ ಪೆರಿಪ್ಲಸ್‌ನಲ್ಲಿ ಅದು ಗೋಧಿ. ಪಾನೀಯದ ಜೊತೆ ಬಂದರೆ ತಿನ್ನುವ ಪದಾರ್ಥವೆಲ್ಲ ಸೀತೊಸ್. ಒಪ್ಸೊನ್ ಜೊತೆ ಬಂದರೆ ಹೊಟ್ಟೆ ತುಂಬಿಸುವ ರೊಟ್ಟಿ. ಒಪ್ಸೊನ್ ಅದಕ್ಕೆ ನಂಜಿಕೊಳ್ಳುವ ಮೀನು, ಮಾಂಸ, ಕಾಯಿಪಲ್ಲೆ. ಈ ಜೋಡಿಗೆ ಕನ್ನಡದಲ್ಲಿ ಸೊಗಸಾದ ಹೆಸರು ಮೊದಲಿನಿಂದಲೂ ಇದೆ: ಓಗರ, ಮೇಲೋಗರ. ಮಾಟುಂಗದ ಉಡುಪಿ ಊಟದ ಎಲೆಯಲ್ಲೂ ಅನ್ನ ನಡುವೆ, ಪಲ್ಯ ಗೊಜ್ಜು ಅದರ ಸುತ್ತ. ರೊಟ್ಟಿ ಬಿಟ್ಟು ಬರಿಯ ಒಪ್ಸೊನ್ ತಿನ್ನುತ್ತಿದ್ದ ತರುಣನೊಬ್ಬನನ್ನು ಸಾಕ್ರಟೀಸ್ ಪಂಕ್ತಿಯಲ್ಲೇ ಮಾತಿಗೆಳೆದ ಪ್ರಸಂಗವನ್ನು ಕ್ಸೆನೊಫೋನ್ ಬರೆದಿಟ್ಟಿದ್ದಾನೆ. ಅಂಥವನಿಗೆ ‘ಒಪ್ಸೊಫಾಗೊಸ್’ ಎಂಬ ಹೆಸರೂ ಇತ್ತು, ಅದು ಹೊಗಳಿಕೆಯಲ್ಲ.

ವ್ಯಾಕರಣ ಇನ್ನೂ ರುಚಿಕರ. ಏಕವಚನದ ಸೀತೊಸ್ ಪುಲ್ಲಿಂಗ. ಬಹುವಚನದ ‘ಸೀತ’ ನಪುಂಸಕ. ಅರ್ಥ ನೋಡಿ ಲಿಂಗ ಗೊತ್ತುಮಾಡುವ ಕನ್ನಡಿಗರಿಗೆ ಅನ್ನ ಎಂದೂ ‘ಅವನು’ ಆಗದು, ಹಾಗಾಗಿ ಇಲ್ಲಿ ಎಡವುವುದು ಸಹಜ. ಆದರೆ ಮುಂದಿನ ನಿಯಮ ನಮ್ಮವರಿಗೆ ಮನೆಯದೇ. ಅಥೆನ್ಸಿನ ಗ್ರೀಕಿನಲ್ಲಿ ನಪುಂಸಕ ಬಹುವಚನದ ಕರ್ತೃವಿಗೆ ಏಕವಚನದ ಕ್ರಿಯಾಪದ ಹತ್ತುತ್ತದೆ. ಬೇರೆ ಭಾಷೆಯವರು ಇದನ್ನು ಬಾಯಿಪಾಠ ಮಾಡಬೇಕು. ‘ಎರಡು ದೋಸೆ ಬಂತು’ ಎನ್ನುವವರಿಗೆ ಅದರ ಅಗತ್ಯವೇನಿದೆ? ಗ್ರೀಕ್ ಕಲಿಸುವ ಕನ್ನಡ ಪುಸ್ತಕ ಬಂದರೆ ಈ ಪಾಠ ಇಲ್ಲಿಂದಲೇ ಶುರುವಾಗಬೇಕು.

ಸೀತೊಸ್‌ಗೆ ‘ಬಳಿ’ ಎಂಬರ್ಥದ ‘ಪರ’ ಸೇರಿ ‘ಪರಸೀತೊಸ್’ ಆಯಿತು. ಮೊದಲು ಅದು ದೇವರ ಹೆಸರಿನ ಊಟದಲ್ಲಿ ಪಾಲುಳ್ಳ ಗೌರವಸ್ಥನ ಹೆಸರು; ಹಾಸ್ಯನಾಟಕಗಳ ಕೈಗೆ ಸಿಕ್ಕಿ, ಹೊಗಳಿ ಹೊಟ್ಟೆ ಹೊರೆಯುವವನದಾಯಿತು. ಜೀವಶಾಸ್ತ್ರದ ಪ್ಯಾರಸೈಟ್ ಅದರ ಸಂತಾನ.

ಇಂದಿನ ಗ್ರೀಕರ ಬಾಯಲ್ಲಿ ಈ ಜೋಡಿ ಬೇರೆ ರೂಪದಲ್ಲಿ ಉಳಿದಿದೆ. ‘ಸಿತಾರಿ’ ಎಂದರೆ ಗೋಧಿ. ಒಪ್ಸೊನ್‌ನಿಂದ ಹುಟ್ಟಿದ ‘ಒಪ್ಸಾರಿಯೊನ್’ ಸವೆದು ‘ಪ್ಸಾರಿ’ ಆಗಿದೆ. ಅಥೆನ್ಸಿನವರು ಮೇಲೋಗರಗಳಲ್ಲೆಲ್ಲ ಹೆಚ್ಚು ಆಸೆಪಡುತ್ತಿದ್ದುದು ಮೀನಿಗೆ. ಪ್ಸಾರಿ ಎಂದರೂ ಈಗ ಮೀನೇ.