ಆಗುಸ್ಟ್ ಮಾಕೆ: ಮಗನ ಆಟಿಕೆಗಳನ್ನು ಚಿತ್ರಿಸಿದ ಅಪ್ಪ



ಮೊದಲನೇ ಮಹಾಯುದ್ಧದ ಇತಿಹಾಸದಲ್ಲಿ ಆಗುಸ್ಟ್ ಮಾಕೆಯ ಹೆಸರು ಸಿಕ್ಕರೆ ಅದು ಸಾಮಾನ್ಯವಾಗಿ ಒಂದೇ ಸಾಲಿನಲ್ಲಿ ಮುಗಿಯುತ್ತದೆ. ಜರ್ಮನಿಯ ಚಿತ್ರಕಾರ, ಹುಟ್ಟಿದ್ದು 1887ರ ಜನವರಿ 3, ಫ್ರಾನ್ಸಿನ ಶಾಂಪೇನ್ ಪ್ರಾಂತ್ಯದ ರಣರಂಗದಲ್ಲಿ ಸತ್ತದ್ದು 1914ರ ಸೆಪ್ಟೆಂಬರ್ 26. ಕಲೆಯ ಚರಿತ್ರೆ ಬರೆದವರು ಇನ್ನಷ್ಟು ಸೇರಿಸುತ್ತಾರೆ: 'ನೀಲಿ ಸವಾರ' ಎಂಬ ಕಲಾವಿದರ ಬಳಗ, ಚಿತ್ರಕಾರ ಫ್ರಾಂಜ್ ಮಾರ್ಕ್‌ನ ಗೆಳೆತನ, ಪಾಲ್ ಕ್ಲೇ ಜೊತೆಗಿನ ಟ್ಯುನೀಸಿಯಾ ಪ್ರವಾಸ. ಈ ಸಂಜೆ ಅವನ್ನೂ ಮುಟ್ಟುತ್ತೇನೆ. ಆದರೆ ನಾನು ಮಾತಾಡಬೇಕೆಂದು ಬಂದಿರುವುದು ಇಬ್ಬರು ಗಂಡುಮಕ್ಕಳ ಅಪ್ಪನ ಬಗ್ಗೆ. ಅವನು ಸತ್ತಾಗ ದೊಡ್ಡ ಮಗ ವಾಲ್ಟರ್‌ಗೆ 4 ವರ್ಷ. ಚಿಕ್ಕವನು ವುಲ್ಫ್‌ಗಾಂಗ್ 19 ತಿಂಗಳ ಕೂಸು. ಅಪ್ಪನಿಗೆ 27, ಅಮ್ಮನಿಗೆ 26.

ಮಾಕೆ ವೃತ್ತಿಯಿಂದ ಸೈನಿಕನಲ್ಲ. ಅಂದಿನ ಜರ್ಮನಿಯಲ್ಲಿ ಕಾಲಾಳು ಪಡೆಗೆ 2 ವರ್ಷದ ಕಡ್ಡಾಯ ಸೇವೆಯಿತ್ತು. ಓದಿಕೊಂಡವರು, ಸಮವಸ್ತ್ರದ ಮತ್ತು ಊಟದ ಖರ್ಚನ್ನು ತಾವೇ ಹಾಕಿಕೊಳ್ಳಬಲ್ಲವರು 1 ವರ್ಷದಲ್ಲಿ ಮುಗಿಸಿ ಬರಬಹುದಿತ್ತು. ಬಂದ ಮೇಲೂ ಬಿಡುಗಡೆಯಿಲ್ಲ. ಮೀಸಲು ಪಡೆಯ ಪಟ್ಟಿಯಲ್ಲಿ ಹೆಸರು ವರ್ಷಗಟ್ಟಲೆ ಉಳಿಯುತ್ತದೆ. ಕರೆ ಬಂದ ದಿನ ಎದ್ದು ಹೋಗಬೇಕು. ಮಾಕೆ ಈ ಸೇವೆಯನ್ನು 1908–09ರಲ್ಲಿ ಮುಗಿಸಿದ. ಮುಗಿಸಿದವನೇ 1909ರ ಅಕ್ಟೋಬರ್ 5ರಂದು ಎಲಿಜಬೆತ್ ಗೆರ್ಹಾರ್ಟ್‌ಳನ್ನು ಮದುವೆಯಾದ. ಶಾಲೆಗೆ ಹೋಗುವ ದಿನಗಳಿಂದಲೂ ಪರಿಚಯವಿದ್ದ ಹುಡುಗಿ ಆಕೆ.

ಮೀಸಲು ಸೇವೆಯಲ್ಲಿ ನನ್ನನ್ನು ಕಾಡುವುದು ಇದು: ಪಟ್ಟಿಗೆ ಸೇರುವವನು ಹಿಂದುಮುಂದಿಲ್ಲದ ಹುಡುಗ. ಕರೆ ಬಂದಾಗ ಹೊರಡಬೇಕಾದವನು ಗೃಹಸ್ಥ. ನಡುವಿನ ವರ್ಷಗಳಲ್ಲಿ ಅವನು ಮನೆ ಕಟ್ಟಿರುತ್ತಾನೆ, ತೊಟ್ಟಿಲು ತೂಗಿರುತ್ತಾನೆ. ಪಟ್ಟಿಗೆ ಅದೊಂದೂ ಗೊತ್ತಿರುವುದಿಲ್ಲ.

ಮಾಕೆಯ ಆ ನಡುವಿನ 5 ವರ್ಷಗಳನ್ನು ಸ್ವಲ್ಪ ನಿಧಾನವಾಗಿ ನೋಡೋಣ. ಮದುವೆಯಾದ ಹೊಸದರಲ್ಲಿ ಗಂಡ ಹೆಂಡತಿ ಬವೇರಿಯಾದ ಟೆಗರ್ನ್‌ಜೇ ಸರೋವರದ ದಂಡೆಯಲ್ಲಿ ಬಿಡಾರ ಹೂಡಿದರು. 'ಸೇಬುಗಳೊಂದಿಗೆ ಭಾವಚಿತ್ರ' ಆಗಿನದು. ಈಗ ಮ್ಯೂನಿಕ್‌ನ ಲೆನ್‌ಬಾಖ್‌ಹೌಸ್‌ನಲ್ಲಿದೆ. ಎಲಿಜಬೆತ್ ಸೇಬಿನ ಬಟ್ಟಲು ಹಿಡಿದು ಕಣ್ಣು ತಗ್ಗಿಸಿ ನಿಂತಿದ್ದಾಳೆ. ಆಗ ಆಕೆ ಬಸುರಿ. ಚಿತ್ರದಲ್ಲಿ ಬಸಿರಿನ ಗುರುತೇನೂ ಎದ್ದು ಕಾಣುವುದಿಲ್ಲ, ಆದರೆ ಬಟ್ಟಲನ್ನು ಮೈಗೆ ಒತ್ತಿ ಹಿಡಿದ ರೀತಿಯಲ್ಲಿ, ಆ ಬಿಳಿ ಬಟ್ಟೆಯ ಮಡಿಕೆಗಳಲ್ಲಿ ಒಂದು ಜೋಪಾನವಿದೆ. 1910ರ ಏಪ್ರಿಲ್‌ನಲ್ಲಿ ವಾಲ್ಟರ್ ಹುಟ್ಟಿದ.

1911ರ ಹೊತ್ತಿಗೆ ಸಂಸಾರ ಬಾನ್ ನಗರಕ್ಕೆ ಬಂತು. ಬೋರ್ನ್‌ಹೈಮರ್ ರಸ್ತೆಯ ಮನೆ ಎಲಿಜಬೆತ್‌ಳ ತವರಿನವರದು. ಅಟ್ಟವನ್ನೇ ಮಾಕೆ ಚಿತ್ರಶಾಲೆ ಮಾಡಿಕೊಂಡ. 1912ರಲ್ಲಿ ಫ್ರಾಂಜ್ ಮಾರ್ಕ್ ಬಂದಾಗ ಗೆಳೆಯರಿಬ್ಬರೂ ಸೇರಿ ಅಲ್ಲಿಯ ಗೋಡೆಯ ಮೇಲೆ ಸುಮಾರು 4 ಮೀಟರ್ ಎತ್ತರದ 'ಸ್ವರ್ಗ' ಎಂಬ ಚಿತ್ರ ಬರೆದರು. ಆಡಮ್, ಈವ್, ಗಿಡಮರ, ಪ್ರಾಣಿಗಳು. ಗೋಡೆಯಿಂದ ಬಿಡಿಸಿ ತೆಗೆದ ಮೂಲ ಈಗ ಮ್ಯೂನ್‌ಸ್ಟರ್‌ನ ವಸ್ತುಸಂಗ್ರಹಾಲಯದಲ್ಲಿದೆ.

ಅದೇ 1912ರಲ್ಲಿ ಮಾಕೆ ಬರೆದ ಇನ್ನೊಂದು ಚಿತ್ರ ಅಷ್ಟು ದೊಡ್ಡದಲ್ಲ. ಆದರೂ ಅವನ ಚಿತ್ರಗಳಲ್ಲಿ ಒಂದನ್ನೇ ಆರಿಸಿಕೊಳ್ಳಿ ಎಂದರೆ ನಾನು ಅದರ ಕಡೆಗೇ ಕೈ ತೋರಿಸುತ್ತೇನೆ. ಹೆಸರು 'ಪುಟ್ಟ ವಾಲ್ಟರ್‌ನ ಆಟಿಕೆಗಳು'. ಇರುವುದು ಫ್ರಾಂಕ್‌ಫರ್ಟ್‌ನ ಸ್ಟೇಡೆಲ್ ವಸ್ತುಸಂಗ್ರಹಾಲಯದಲ್ಲಿ. ಗೊಂಬೆ, ಚೆಂಡು, ಹೂಕುಂಡ, ಒಂದು ಗಿನಿಯಿಲಿ. ಹುಡುಗ ಚಿತ್ರದಲ್ಲಿಲ್ಲ. ಯುರೋಪಿನಲ್ಲಿ ಹಣ್ಣು, ಹೂಜಿ, ಸತ್ತ ಹಕ್ಕಿಗಳನ್ನು ಮೇಜಿನ ಮೇಲೆ ಜೋಡಿಸಿ ಬರೆಯುವ ಸಂಪ್ರದಾಯ ಶತಮಾನಗಳದು. ಮಾಕೆ ಆ ಗಂಭೀರ ಸಂಪ್ರದಾಯದೊಳಗೆ 2 ವರ್ಷದ ಮಗನ ಸಾಮಾನುಗಳನ್ನು ತಂದು ಕೂರಿಸಿದ. ಅವನ್ನು ಮುದ್ದುಮುದ್ದಾಗಿ ಮಾಡಲಿಲ್ಲ. ಫ್ರೆಂಚ್ ಚಿತ್ರಕಾರ ಸೆಜಾನ್ ತನ್ನ ಸೇಬುಗಳಿಗೆ ಕೊಟ್ಟಷ್ಟೇ ಗೌರವವನ್ನು ಇವನು ಚೆಂಡಿಗೆ ಕೊಟ್ಟ. ಇನ್ನೊಂದು ಮಾತು: ಈ ಚಿತ್ರವನ್ನು ಮೇಲಿನಿಂದ ಇಣುಕಿ ನೋಡಿ ಬರೆಯಲಾಗುವುದಿಲ್ಲ. ಮಗುವಿನ ಮಟ್ಟಕ್ಕೆ ತಾನೂ ಇಳಿದವನಿಗೆ ಮಾತ್ರ ಆ ವಸ್ತುಗಳು ಅಷ್ಟು ದೊಡ್ಡದಾಗಿ, ಅಷ್ಟು ಹತ್ತಿರವಾಗಿ ಕಾಣುತ್ತವೆ.

ಅಪ್ಪನಾದ ಮೇಲೆ ಕಲೆ ಕುಂಟುತ್ತದೆ, ಸಂಸಾರ ಕಲಾವಿದನನ್ನು ಕಟ್ಟಿಹಾಕುತ್ತದೆ ಎಂದು ಹೇಳುವವರಿದ್ದಾರೆ. ಮಾಕೆಯ ವಿಷಯದಲ್ಲಂತೂ ಅದು ಶುದ್ಧ ಸುಳ್ಳು. ಹೆಂಡತಿಯನ್ನು 200ಕ್ಕೂ ಹೆಚ್ಚು ಸಲ ಚಿತ್ರಿಸಿದವನು ಅವನು. ಹೊಲಿಗೆ ಹಾಕುವ, ಓದುವ, ಟೋಪಿ ಅಂಗಡಿಯ ಗಾಜಿನ ಮುಂದೆ ನಿಂತ ಹೆಂಗಸರು. ಉದ್ಯಾನ, ಮೃಗಾಲಯ, ನೀರಿನ ಬದಿಯಲ್ಲಿ ಮಕ್ಕಳು. ಸಮಕಾಲೀನ ಜರ್ಮನ್ ಕಲಾವಿದರು ಪ್ರಳಯವನ್ನೂ ನಗರದ ಉನ್ಮಾದವನ್ನೂ ಬರೆಯುತ್ತಿದ್ದ ಹೊತ್ತಿನಲ್ಲಿ ಇವನು ಭಾನುವಾರದ ಮಧ್ಯಾಹ್ನಗಳನ್ನು ಬರೆದ. ಕೆಲವು ವಿಮರ್ಶಕರಿಗೆ ಇದು ಹಗುರ ಎನಿಸಿತು. ನನಗೆ ಹಾಗೆ ಅನಿಸುವುದಿಲ್ಲ. ಮನೆಯೊಳಗಿನ ಸಂತೋಷವನ್ನು ಸುಳ್ಳಾಗದಂತೆ ಬರೆಯುವುದು ದುಃಖವನ್ನು ಬರೆಯುವುದಕ್ಕಿಂತ ಕಷ್ಟದ ಕೆಲಸ.

1913ರ ಫೆಬ್ರವರಿಯಲ್ಲಿ ವುಲ್ಫ್‌ಗಾಂಗ್ ಹುಟ್ಟಿದ. ಆ ವರ್ಷದ ಕೊನೆಯ ಹೊತ್ತಿಗೆ ನಾಲ್ವರೂ ಸ್ವಿಟ್ಜರ್ಲೆಂಡಿನ ಟೂನ್ ಸರೋವರದ ದಂಡೆಗೆ, ಹಿಲ್ಟರ್‌ಫಿಂಗೆನ್ ಎಂಬ ಊರಿಗೆ ಹೋಗಿ ನೆಲೆಸಿದರು. 1914ರ ಏಪ್ರಿಲ್‌ನಲ್ಲಿ ಕ್ಲೇ ಮತ್ತು ಲೂಯಿ ಮ್ವಾಯೇ ಎಂಬ ಇನ್ನೊಬ್ಬ ಕಲಾವಿದನ ಜೊತೆ ಮಾಕೆ ಟ್ಯುನೀಸಿಯಾಕ್ಕೆ ಹೋಗಿಬಂದ. ಸುಮಾರು ಎರಡು ವಾರದ ಪ್ರವಾಸದಿಂದ 30ಕ್ಕೂ ಹೆಚ್ಚು ಜಲವರ್ಣಗಳನ್ನೂ ಹಲವಾರು ರೇಖಾಚಿತ್ರಗಳನ್ನೂ ತಂದ. ಆಧುನಿಕ ಕಲೆಯ ಚರಿತ್ರೆಯಲ್ಲಿ ಈ ಪ್ರವಾಸದ ಬಗ್ಗೆ ಬೇಕಾದಷ್ಟು ಬರಹಗಳಿವೆ, ಹಾಗಾಗಿ ಮುಂದಕ್ಕೆ ಹೋಗುತ್ತೇನೆ. ಜೂನ್‌ನಲ್ಲಿ ಸಂಸಾರ ಬಾನ್‌ಗೆ ಮರಳಿತು. ಅಟ್ಟದಲ್ಲಿ ಹೊಸ ಕ್ಯಾನ್ವಾಸುಗಳು ಸಾಲುಗಟ್ಟಿದವು.

ಅಷ್ಟರಲ್ಲಿ ಯುದ್ಧ ಶುರುವಾಯಿತು. ಆಗಸ್ಟ್ 8ರಂದು ಅವನು ಸೈನ್ಯಕ್ಕೆ ಹೋದ. ಬಾನ್‌ನಲ್ಲೇ ನೆಲೆಯಿದ್ದ 160ನೇ ಕಾಲಾಳು ರೆಜಿಮೆಂಟ್. ಮನೆಯಲ್ಲಿ ಉಳಿದ ಕೊನೆಯ ಚಿತ್ರಗಳಲ್ಲಿ 'ಬೀಳ್ಕೊಡುಗೆ' ಒಂದು. ಈಗ ಕಲೋನ್‌ನ ಲುಡ್ವಿಗ್ ಸಂಗ್ರಹಾಲಯದಲ್ಲಿದೆ. ಗುಂಪುಗುಂಪಾಗಿ ನಿಂತ ಜನ, ಮುಖಗಳಿಲ್ಲ, ಬಣ್ಣಗಳೆಲ್ಲ ಮಂಕು. ಕಲಾವಿದನಿಗೆ ಸಾವು ಮೊದಲೇ ತಿಳಿದಿತ್ತು ಎಂದು ಇದನ್ನು ತೋರಿಸಿ ಹೇಳುವುದು ವಾಡಿಕೆ. ನನಗೆ ಅದು ಒಪ್ಪಿಗೆಯಿಲ್ಲ. ಆ ವಾರ ಜರ್ಮನಿಯ ಯಾವ ಊರಿನ ಬೀದಿಗಿಳಿದರೂ ಕಾಣುತ್ತಿದ್ದದ್ದು ಇದೇ ನೋಟ. ಮಾಕೆ ಕಣ್ಣಿಗೆ ಬಿದ್ದದ್ದನ್ನು ಪ್ರಾಮಾಣಿಕವಾಗಿ ಬರೆದ. ಸತ್ತವರಿಗೆ ನಾವು ಭವಿಷ್ಯಜ್ಞಾನ ಹಚ್ಚುತ್ತಾ ಹೋದರೆ, ಅವರ ಸಾವು ತಪ್ಪಿಸಬಹುದಾಗಿತ್ತು ಎಂಬುದನ್ನು ಮರೆಯುತ್ತೇವೆ.

ಮುಂದಿನದು ಬೇಗ ಮುಗಿಯುತ್ತದೆ. ಸೈನ್ಯದಲ್ಲಿ ಇದ್ದದ್ದು 7 ವಾರ. ನಡುವೆ ಕಬ್ಬಿಣದ ಶಿಲುಬೆಯ ಪದಕ ಬಂತು. ಪರ್ತ್-ಲೆ-ಊರ್ಲು ಎಂಬ ಹಳ್ಳಿಯ ಹತ್ತಿರ ಸೆಪ್ಟೆಂಬರ್ 26ರಂದು ಸತ್ತ. ಮದುವೆಯಾಗಿ 5 ವರ್ಷ ತುಂಬಲು 9 ದಿನ ಬಾಕಿ. ಅವನಿಗೆ ಪ್ರತ್ಯೇಕ ಗೋರಿಯಿಲ್ಲ. ಸುಎಂ ಎಂಬಲ್ಲಿಯ ಸೈನಿಕ ಸ್ಮಶಾನದ ಸಾಮೂಹಿಕ ಸಮಾಧಿಯಲ್ಲಿ ಇತರರ ಜೊತೆ ಮಣ್ಣಾಗಿದ್ದಾನೆ. ಅವನು ಸತ್ತ ಪರ್ತ್-ಲೆ-ಊರ್ಲು ಹಳ್ಳಿಯೂ ಯುದ್ಧದಲ್ಲಿ ನೆಲಸಮವಾಯಿತು. ಅದನ್ನು ಮತ್ತೆ ಕಟ್ಟಲಿಲ್ಲ.

ಇಲ್ಲಿ ಒಂದು ಮಾತು ಹೇಳದಿದ್ದರೆ ಅನ್ಯಾಯವಾಗುತ್ತದೆ. ಮಾಕೆ ಸತ್ತ ನೆಲ ಅವನದಲ್ಲ. ಅವನ ಸೈನ್ಯ ಬೇರೆಯವರ ದೇಶಕ್ಕೆ ನುಗ್ಗಿತ್ತು. ಅದೇ ತಿಂಗಳ 5ರಂದು, ಮಾರ್ನ್ ಕಾಳಗದ ಹೊಸ್ತಿಲಲ್ಲಿ, ಫ್ರೆಂಚ್ ಕವಿ ಶಾರ್ಲ್ ಪೆಗಿ ಗುಂಡೇಟಿಗೆ ಬಲಿಯಾದ. ಅವನೂ ಮೀಸಲು ಪಡೆಯವನು, ಲೆಫ್ಟಿನೆಂಟ್. 41 ವರ್ಷ, ಮೂವರು ಮಕ್ಕಳು. ನಾಲ್ಕನೆಯದು ಹೆಂಡತಿಯ ಹೊಟ್ಟೆಯಲ್ಲಿತ್ತು, ಹುಟ್ಟಿದ್ದು 1915ರಲ್ಲಿ. ಆ ಮಗು ಅಪ್ಪನ ಮುಖ ನೋಡಲಿಲ್ಲ. ವುಲ್ಫ್‌ಗಾಂಗ್ ನೋಡಿದ್ದ, ಆದರೆ ನೆನಪಿಟ್ಟುಕೊಳ್ಳುವ ವಯಸ್ಸಲ್ಲ. ಗಡಿಯ ಎರಡೂ ಕಡೆಯ ಮನೆಗಳನ್ನು ಒಟ್ಟಿಗೆ ನೆನೆಯದೆ ಒಬ್ಬನ ಶೋಕವನ್ನು ಮಾತ್ರ ಆಚರಿಸುವುದು ನನ್ನಿಂದಾಗದು.

ಗೆಳೆಯ ಸತ್ತ ಸುದ್ದಿ ತಿಳಿದು ಫ್ರಾಂಜ್ ಮಾರ್ಕ್ ರಣರಂಗದಿಂದಲೇ ಒಂದು ಶ್ರದ್ಧಾಂಜಲಿ ಬರೆದ. ಬಣ್ಣವನ್ನು ಅಷ್ಟು ಶುಭ್ರವಾಗಿ ಬಲ್ಲವನು ತಮ್ಮಲ್ಲಿ ಇನ್ನೊಬ್ಬನಿರಲಿಲ್ಲ ಎಂಬುದು ಅದರ ಭಾವ. ಒಂದೂವರೆ ವರ್ಷದಲ್ಲಿ, 1916ರ ಮಾರ್ಚ್ 4ರಂದು, ವರ್ಡನ್ ಬಳಿ ಮಾರ್ಕ್ ಕೂಡ ಸತ್ತ. ಅಂದಿನಿಂದ ಇಂದಿನವರೆಗೆ ಮಾಕೆಯ ಬಗ್ಗೆ ಬರೆಯುವವರೆಲ್ಲ ಕೇಳುವ ಪ್ರಶ್ನೆ ಒಂದೇ: ಬದುಕಿದ್ದರೆ ಇನ್ನೇನೇನು ಬರೆಯುತ್ತಿದ್ದನೋ. ಕೇಳುವುದು ಸಹಜ. ಆದರೆ ವಾಲ್ಟರ್ ಕಳೆದುಕೊಂಡದ್ದು ಬರೆಯದೆ ಉಳಿದ ಚಿತ್ರಗಳನ್ನಲ್ಲ. ತನ್ನ ಜೊತೆ ನೆಲದ ಮೇಲೆ ಕೂರುತ್ತಿದ್ದ ಅಪ್ಪನನ್ನು. ಬಾನ್‌ನ ಆ ಮನೆಯ ನಷ್ಟವನ್ನು ಜರ್ಮನ್ ಕಲೆಯ ನಷ್ಟದ ಕೆಳಗೆ ಅಡಿಟಿಪ್ಪಣಿಯಾಗಿ ಬರೆಯುವುದು ನನಗೆ ಸರಿಕಾಣುವುದಿಲ್ಲ.

ಎಲಿಜಬೆತ್ 1916ರಲ್ಲಿ ಲೋಥರ್ ಎರ್ಡ್‌ಮನ್‌ನನ್ನು ಮದುವೆಯಾದಳು. ಅವನು ಆಗುಸ್ಟ್‌ನ ಹಳೆಯ ಗೆಳೆಯ. ಮುಂದೆ ಕಾರ್ಮಿಕ ಸಂಘಟನೆಯ ಪತ್ರಕರ್ತ. ಮತ್ತೆ ಮೂವರು ಮಕ್ಕಳಾದರು. 1927ರಲ್ಲಿ, ಇನ್ನೂ 20 ತುಂಬುವ ಮೊದಲೇ, ಆ ಆಟಿಕೆಗಳ ಒಡೆಯ ವಾಲ್ಟರ್ ಕಾಯಿಲೆಯಿಂದ ತೀರಿಕೊಂಡ. 1939ರ ಸೆಪ್ಟೆಂಬರ್‌ನಲ್ಲಿ ಎರ್ಡ್‌ಮನ್‌ನನ್ನು ನಾಜಿಗಳು ಸಾಕ್ಸನ್‌ಹೌಸನ್ ಸೆರೆಶಿಬಿರದಲ್ಲಿ ಕೊಂದರು. ಮೊದಲ ಗಂಡನನ್ನು ದೇಶದ ಸೈನ್ಯ ಕರೆದೊಯ್ದಿತ್ತು. ಎರಡನೆಯವನನ್ನು ಅದೇ ದೇಶದ ಪೊಲೀಸರು. ಆ ಆಳ್ವಿಕೆಗೆ ಮಾಕೆಯ ಚಿತ್ರಗಳೂ 'ಅವನತಿ ಹೊಂದಿದ ಕಲೆ'ಯಾಗಿದ್ದವು. ದೇಶಕ್ಕಾಗಿ ಸತ್ತವನು ಎಂಬ ಮಾತಿಗೆ ದೇಶವೇ ಎಷ್ಟು ಬೆಲೆ ಕೊಡುತ್ತದೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ಇಷ್ಟೆಲ್ಲ ಆದಮೇಲೂ ಎಲಿಜಬೆತ್ ನೆನಪುಗಳನ್ನು ಬರೆದಿಟ್ಟಳು. 'ಆಗುಸ್ಟ್ ಮಾಕೆಯ ನೆನಪು' ಪುಸ್ತಕವಾಗಿ ಬಂದದ್ದು 1962ರಲ್ಲಿ. ಆಕೆ ತೀರಿಕೊಂಡದ್ದು 1978ರಲ್ಲಿ, 89ನೇ ವಯಸ್ಸಿನಲ್ಲಿ. ಅವನಿಲ್ಲದೆ 63 ವರ್ಷಕ್ಕೂ ಮಿಕ್ಕಿ ಬದುಕಿದಳು.

ಅಪ್ಪನ ನೆನಪೇ ಇಲ್ಲದ ವುಲ್ಫ್‌ಗಾಂಗ್ ಬೆಳೆದು ದೊಡ್ಡವನಾಗಿ ಅಪ್ಪನ ಕೆಲಸಕ್ಕೇ ಕಾವಲು ನಿಂತ. ಅಪ್ಪ ಮತ್ತು ಮಾರ್ಕ್ ಪರಸ್ಪರ ಬರೆದ ಪತ್ರಗಳನ್ನು ಸಂಪಾದಿಸಿ 1964ರಲ್ಲಿ ಪ್ರಕಟಿಸಿದ. ಆಗ ಅವನಿಗೆ 51. ಆ ಕಾಗದಗಳನ್ನು ಬರೆಯುವಾಗ ಅಪ್ಪನಿಗೆ 23, 25, 27. ತನ್ನ ಮಗನಾಗಬಹುದಾದ ವಯಸ್ಸಿನ ಒಬ್ಬ ತರುಣನ ಕೈಬರಹವನ್ನು ಅವನು ಸಾಲುಸಾಲಾಗಿ ಓದಿ, ತಾರೀಖು ಹೊಂದಿಸಿ, ಅಚ್ಚಿಗೆ ಕೊಟ್ಟ. ಬೋರ್ನ್‌ಹೈಮರ್ ರಸ್ತೆಯ ಆ ಮನೆ 1991ರಿಂದ ಮಾಕೆಯ ಹೆಸರಿನ ವಸ್ತುಸಂಗ್ರಹಾಲಯವಾಗಿದೆ. ಬಾನ್ ಕಡೆ ಹೋಗುವವರು ನಿಮ್ಮಲ್ಲಿದ್ದರೆ ಅಟ್ಟದವರೆಗೂ ಹತ್ತಿ ಬನ್ನಿ.